ಕೀಲುನೋವಿಗೆ ಕೀಲಿ ಚಿಕಿತ್ಸೆ

ಕರಡಿ ಸಾಹೇಬರಿಗೆ ಒಳ್ಳೊಳ್ಳೆಯ ಯೋಚನೆಗಳು ಹೊಳೆಯುತ್ತಿದ್ದದ್ದು ಗಡ್ಡ ಹೆರೆದುಕೊಳ್ಳುವ ಹೊತ್ತಿನಲ್ಲಿ. ಇದನ್ನು ಬಲ್ಲ ಅವರ ಹೆಂಡತಿ, ಬಚ್ಚಲಮನೆಯೊಳಗಿನಿಂದ "ಹ್ಞಾಂ! ಸಿಕ್ತು!" ಎಂಬ ಕೂಗು ಕೇಳಿದ ಕೂಡಲೇ ಮನೆಯ ಗಾಜಿನ ಸಾಮಾನನ್ನೆಲ್ಲ ಎತ್ತರದ ಕಪಾಟಿಗೆ ಏರಿಸಿಬಿಡುತ್ತಿದ್ದಳು. ಈ ಮುನ್ನೆಚ್ಚರಿಕೆಯಿಂದಲೇ ಅವರ ಸಂಸಾರ ಅಷ್ಟು ವರ್ಷ ಒಡೆಯದೆ ಉಳಿದಿತ್ತು ಎಂದು ಬೀದಿಯ ಹಳಬರು ಹೇಳುವುದುಂಟು.

ಕರಡಿ ಎಂದರೆ ಕಾಡಿನ ಕರಡಿಯಲ್ಲ. (ಬೆಳಿಗ್ಗೆ ಎದ್ದ ಕೂಡಲೇ ಅವರನ್ನು ನೋಡಿದವರಿಗೆ ಸಣ್ಣ ಸಂಶಯ ಬರುತ್ತಿತ್ತು, ಅದು ಬೇರೆ ಮಾತು.) ಅವರು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಒಂದು ದೀರ್ಘ ಬಿಟ್ಟುಹೋದರೆ ಒಂದು ಜೀವ ಹೋದಷ್ಟು ಗಲಾಟೆ ಮಾಡುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವವರು ಆ ಕಾಟ ತಾಳಲಾರದೆ, ಕರಡು ಓದುವವನು ಕರಡಿ ಎಂದು ನಾಮಕರಣ ಮಾಡಿದರು. ಬಿರುದು ಮನೆಯವರೆಗೂ ಬಂತು. ಹೆಂಡತಿ ಅದಕ್ಕೆ 'ಸಾಹೇಬರು' ಎಂದು ಸೇರಿಸಿ ಮರ್ಯಾದೆ ಉಳಿಸಿದಳು.

ಆಗ ಅಕ್ಷರಗಳೆಲ್ಲ ಸೀಸದವು. ಪ್ರೆಸ್ಸಿನ ಮೆಟ್ಟಿಲು ಹತ್ತುತ್ತಿದ್ದಂತೆ ಮಸಿ, ಸೀಮೆಎಣ್ಣೆ, ಹಸಿ ಕಾಗದಗಳ ವಾಸನೆ ಮೂಗಿಗೆ ಅಡರುತ್ತಿತ್ತು. ಆ ವಾಸನೆಯನ್ನು ಹೊತ್ತು ಸಂಜೆ ಸಾಹೇಬರು ಮನೆಯ ತಿರುವಿಗೆ ಬರುವಾಗ ಇನ್ನೊಂದು ಯಂತ್ರದ ಸದ್ದು ಕೇಳುತ್ತಿತ್ತು. ಅದು ಮುಂದಿನ ಕೋಣೆಯ ಕಿಟಕಿಯ ಬಳಿ ಅವರ ಹೆಂಡತಿ ತುಳಿಯುತ್ತಿದ್ದ ಹೊಲಿಗೆ ಮೆಷಿನ್ನು. ಸಣ್ಣ ರೈಲೊಂದು ಮನೆಯೊಳಗೇ ಸುತ್ತುತ್ತಿರುವಂಥ ಆ ಸದ್ದು ಕಿವಿಗೆ ಬಿದ್ದರೆ ಸಾಹೇಬರಿಗೆ ತಾನಾಗಿ ಹಸಿವಾಗುತ್ತಿತ್ತು. ಈಗ ಆ ಪ್ರೆಸ್ಸಿನ ಜಾಗದಲ್ಲಿ ಕನ್ನಡಕದ ಅಂಗಡಿಯಿದೆ. ಬೀದಿ ಅಗಲವಾಗಿದೆ. ಆದರೆ ಆ ತಿರುವಿನಲ್ಲಿ ನಿಂತರೆ ಹಸಿವಾಗುವವರು ಇನ್ನೂ ಕೆಲವರಿದ್ದಾರೆ.

ಅವರಿಬ್ಬರ ಪರಿಚಯವಾದದ್ದೂ ಹೊಲಿಗೆಯಿಂದಲೇ. ಆಗ ಆಕೆ ದೊಡ್ಡ ಬೀದಿಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಹರಿದ ಜೇಬು ಹೊಲಿಸಲು ಸಾಹೇಬರು ಅಲ್ಲಿಗೆ ಹೋದರು. ಆಕೆ ದಾರದ ತುದಿಯನ್ನು ತುಟಿಗೆ ತಾಗಿಸಿ, ಸೂಜಿಯ ಕಡೆ ನೋಡದೆ, ಇವರನ್ನೇ ನೋಡುತ್ತ, ಒಂದೇ ಏಟಿಗೆ ಪೋಣಿಸಿಬಿಟ್ಟಳು. ಮರುದಿನ ಸಾಹೇಬರ ಇನ್ನೊಂದು ಜೇಬೂ ಹರಿಯಿತು. ಆಮೇಲೆ ಕಾಲರು. ಅದಾದ ಮೇಲೆ ತೋಳು. "ಇನ್ನು ಅಂಗೀಲಿ ಹರಿಯೋಕೆ ಏನೂ ಉಳಿದಿಲ್ಲ. ಹೇಳೋದನ್ನ ಹೇಳಿಬಿಡಿ" ಎಂದು ಆಕೆಯೇ ಅಂದಳಂತೆ.

ಅಂಥ ಬೆರಳುಗಳು ಅದೊಂದು ವರ್ಷ ಮುಷ್ಕರ ಹೂಡಿದವು.

ಮೊದಲು ಮೆಷಿನ್ನು ಬೆಳಿಗ್ಗೆ ತಡವಾಗಿ ಸದ್ದು ಮಾಡತೊಡಗಿತು. "ಚಳಿ" ಎಂದಳು. ಬೇಸಿಗೆಯಲ್ಲೂ ಚಳಿ ಎಂದಳು. ಒಂದು ಸಂಜೆ ಸಾಹೇಬರು ತಿರುವಿಗೆ ಬಂದರೆ ಸದ್ದೇ ಇಲ್ಲ. ಒಳಗೆ ಬಂದು ನೋಡಿದರೆ ಹೆಂಡತಿ ಕಿಟಕಿಗೆ ಮುಖ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದು ಕೂತಿದ್ದಾಳೆ. ದಾರ ಸೂಜಿಯ ಬಲಕ್ಕೆ ಹೋಗುತ್ತದೆ, ಎಡಕ್ಕೆ ಹೋಗುತ್ತದೆ, ಒಳಕ್ಕೆ ಮಾತ್ರ ಹೋಗುವುದಿಲ್ಲ. ಬೆರಳಿನ ಗೆಣ್ಣುಗಳು ಊದಿಕೊಂಡು ಕೆಂಪಾಗಿವೆ.

"ಈಗಿನ ಸೂಜಿಗಳೇ ಸರಿಯಿಲ್ಲ ಕಣ್ರೀ" ಎಂದಳು, ತಿರುಗಿ ನೋಡದೆ.

ಸಾಹೇಬರ ತಾಯಿ ಮೂಲೆಯ ಕುರ್ಚಿಯಲ್ಲಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. (ಸ್ವಲ್ಪ ಎಂದದ್ದು ಅವರ ಮೇಲಿನ ಗೌರವದಿಂದ.) ಆದರೆ ಕಣ್ಣು ಚುರುಕು. "ಅವಳ ಕೈ ನೋಡೋ ಮೊದಲು" ಎಂದರು ಮಗನಿಗೆ.

ಡಾಕ್ಟರಮ್ಮ ಕೈ ನೋಡಿದರು, ರಕ್ತ ನೋಡಿದರು, ಫೋಟೋ ತೆಗೆಸಿ ಮೂಳೆಯನ್ನೂ ನೋಡಿದರು. ಕೊನೆಗೆ ಕನ್ನಡಕ ತೆಗೆದಿಟ್ಟು ಹೇಳಿದರು:

"ಇದು ಕೀಲುವಾತ. ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲಮ್ಮ. ಹತೋಟಿಯಲ್ಲಿ ಇಟ್ಕೋಬಹುದು. ಇದರ ಜೊತೆಗೇ ಬಾಳೋದನ್ನ ಕಲೀಬೇಕು."

ಹೆಂಡತಿ ಒಂದು ಕ್ಷಣ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಗಂಡನನ್ನು ನೋಡಿ, "ಅದೇನು ಬಿಡಿ ಡಾಕ್ಟ್ರೇ, ವಾಸಿ ಆಗದೇ ಇರೋದರ ಜೊತೆ ಬಾಳಿ ನನಗೆ ಅಭ್ಯಾಸ ಇದೆ" ಎಂದಳು.

ಡಾಕ್ಟರಮ್ಮ ನಕ್ಕರು. ಸಾಹೇಬರು ನಗಲಿಲ್ಲ. 'ವಾಸಿ ಆಗೋ ಕಾಯಿಲೆ ಅಲ್ಲ' ಎಂಬಲ್ಲಿಗೆ ಅವರ ಕಿವಿ ಮುಚ್ಚಿಹೋಗಿತ್ತು. ಜೀವಮಾನವೆಲ್ಲ ತಪ್ಪು ಕಂಡ ಕಡೆ ಗೀಟು ಹಾಕಿ ತಿದ್ದಿದ ಮನುಷ್ಯ; ತಿದ್ದಲಾಗದ ತಪ್ಪೂ ಒಂದುಂಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಪಪ್ರಾಣ, ಮಹಾಪ್ರಾಣ ಎಂದು ಹಗಲೂ ಇರುಳೂ ಹೊಡೆದಾಡುತ್ತಿದ್ದವರಿಗೆ ತಮ್ಮ ಪ್ರಾಣ ಎಲ್ಲಿದೆ ಎಂದು ಗೊತ್ತಾದದ್ದು ಡಾಕ್ಟರಮ್ಮನ ಕೋಣೆಯ ಮರದ ಬೆಂಚಿನ ಮೇಲೆ. ಅದು ಆಸ್ಪತ್ರೆಯ ಚೀಟಿ ಹಿಡಿದು ಪಕ್ಕದಲ್ಲೇ ಕೂತಿತ್ತು. ಅದಾದ ಮೇಲೆ ಡಾಕ್ಟರಮ್ಮ, ನೋವು ಹೆಚ್ಚಿದ್ದಾಗ ವಿಶ್ರಾಂತಿ, ಕಡಿಮೆಯಾದಾಗ ಕೈ ಆಡಿಸುತ್ತಲೇ ಇರಬೇಕು, ಬೆಳಿಗ್ಗೆ ಬಿಸಿನೀರು, ಮಾತ್ರೆ ತಪ್ಪಿಸಬಾರದು ಎಂದೆಲ್ಲ ಹೇಳಿದರು. ಅಷ್ಟರಲ್ಲಿ 'ವಿಶ್ರಾಂತಿ' ಎಂಬ ಒಂದೇ ಒಂದು ಶಬ್ದ ಸಾಹೇಬರ ಕಿವಿಯೊಳಗೆ ನುಸುಳಿ, ಅಲ್ಲೇ ಬೀಡುಬಿಟ್ಟಿತು.

ಮರುದಿನ ಬೆಳಿಗ್ಗೆ ಬಚ್ಚಲಮನೆಯಿಂದ "ಹ್ಞಾಂ! ಸಿಕ್ತು!" ಎಂಬ ಕೂಗು ಕೇಳಿತು. ಹೆಂಡತಿ ಗಾಜಿನ ಸಾಮಾನನ್ನು ಎತ್ತಿಡಲು ಎದ್ದಳು. ಕೈ ಮಾತು ಕೇಳಲಿಲ್ಲ. ಸುಮ್ಮನೆ ಕೂತಳು.

ಸಾಹೇಬರು ಅರ್ಧ ಗಡ್ಡದಲ್ಲೇ ಹೊರಬಂದು ಘೋಷಿಸಿದರು: "ಇವತ್ತಿಂದ ನೀನು ಮಹಾರಾಣಿ. ಒಂದು ಹುಲ್ಲುಕಡ್ಡೀನೂ ಎತ್ತೋ ಹಾಗಿಲ್ಲ. ಈ ಮನೇಲಿ ಇನ್ನು ಮೇಲೆ ಎರಡು ಕೈ ಸಾಕು. ಅವು ನನ್ನವು."

"ಆ ಕೈಗೆ ಕಾಫಿ ಮಾಡೋಕೆ ಬರುತ್ತಾ?"

"ಕಾಫಿ ಏನು ಬ್ರಹ್ಮವಿದ್ಯೆಯಾ?"

ಬ್ರಹ್ಮವಿದ್ಯೆಯೇ ಆಗಿತ್ತು. ಮೊದಲ ದಿನದ ಕಾಫಿಯನ್ನು ಕುಡಿದ ತಾಯಿ, "ಕಷಾಯ ಚೆನ್ನಾಗಿದೆ. ಅವಳ ಕೈನೋವಿಗೆ ಮಾಡಿದ್ದನ್ನ ನನಗ್ಯಾಕೆ ಕೊಟ್ಟೆ?" ಎಂದರು.

ಸಾಹೇಬರಿಗೆ ವೈದ್ಯಶಾಸ್ತ್ರದ ಪರಿಚಯ ಇಲ್ಲದೆ ಇರಲಿಲ್ಲ. ಹಿಂದೊಮ್ಮೆ ಅವರು ಮನೆವೈದ್ಯದ ಒಂದು ದಪ್ಪ ಪುಸ್ತಕದ ಕರಡು ತಿದ್ದಿದ್ದರು. ರೋಗಗಳ ಕಾರಣ, ಲಕ್ಷಣಗಳ ಭಾಗ ಅಚ್ಚಾಗಿತ್ತು. ಚಿಕಿತ್ಸೆಯ ಭಾಗ ಬರುವುದರೊಳಗೆ ಗ್ರಂಥಕರ್ತರು ಪ್ರೆಸ್ಸಿನ ಮಾಲೀಕರೊಂದಿಗೆ ಜಗಳವಾಡಿಕೊಂಡು ಹೊರಟುಹೋದರು. ಹೀಗಾಗಿ ಸಾಹೇಬರಿಗೆ ಸಕಲ ರೋಗಗಳ ಕಾಗುಣಿತ ಗೊತ್ತಿತ್ತು, ಒಂದರ ಮದ್ದೂ ಗೊತ್ತಿರಲಿಲ್ಲ. ಮದ್ದನ್ನು ಅವರು ಸ್ವಂತ ಪ್ರತಿಭೆಯಿಂದ ಪೂರೈಸಿದರು.

ಮೊದಲಿಗೆ ಮುಚ್ಚಳಗಳು. ಡಬ್ಬಿಯ ಮುಚ್ಚಳ ತಿರುಗಿಸುವಾಗ ಹೆಂಡತಿಯ ಮುಖ ಹಿಂಡಿಹೋಗುವುದನ್ನು ಅವರು ಕಂಡಿದ್ದರು. ಆದ್ದರಿಂದ ಒಂದು ಭಾನುವಾರ ಮನೆಯಲ್ಲಿದ್ದ ಸಮಸ್ತ ಮುಚ್ಚಳಗಳನ್ನೂ ಸಡಿಲಿಸಿ, ಸುಮ್ಮನೆ ಮೇಲೆ ಕೂರಿಸಿಟ್ಟರು. ಹೇಳುವುದನ್ನು ಮರೆತರು. ಸಂಜೆ ತಾಯಿ ಸಕ್ಕರೆ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದರು. ಮುಚ್ಚಳ ಬಂತು, ಡಬ್ಬಿ ಬರಲಿಲ್ಲ; ಜಾರಿ ಬಿದ್ದು ಸಕ್ಕರೆ ನೆಲಕ್ಕೆಲ್ಲ ಚೆಲ್ಲಿತು. ಬಗ್ಗಿ ಹೆಕ್ಕಲು ಹೋದ ಹೆಂಡತಿಯ ಮೊಣಕೈ ತಾಗಿ ಎಣ್ಣೆಯ ಜಾಡಿ ಉರುಳಿತು. ಸದ್ದು ಕೇಳಿ ಪ್ರೆಸ್ಸಿನ ಕಾಗದ ಹಿಡಿದು ಓಡಿಬಂದ ಸಾಹೇಬರು, ಎಣ್ಣೆಯ ಮೇಲೆ ಕಾಲಿಟ್ಟು, ಅಡುಗೆಮನೆಯ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡಿ, ಸಕ್ಕರೆಯ ರಾಶಿಯಲ್ಲಿ ವಿರಾಜಮಾನರಾದರು.

"ಏಳಬೇಡಿ, ಹಾಗೇ ಇರಿ" ಎಂದಳು ಹೆಂಡತಿ. "ಇರುವೆಗಳಿಗೆ ಸುಲಭ ಆಗುತ್ತೆ."

ಎರಡನೆಯದು ಮೆಷಿನ್ನು. ಇದರಲ್ಲಿ ನಗು ಕಡಿಮೆ. ಮುಂದಿನ ಕೋಣೆಯಲ್ಲಿ ನೀಲಿ ಬಟ್ಟೆಯ ದೊಡ್ಡ ಗಂಟು ಇತ್ತು. ಊರಿನ ಬ್ಯಾಂಡಿನವರಿಗೆ ಹೊಸ ಕೋಟುಗಳು ಆಗಬೇಕಿತ್ತು. ಉದ್ಯಾನದಲ್ಲಿ ಹೊಸದಾಗಿ ಕಟ್ಟಿದ ಮಂಟಪ ತೆರೆಯುವ ದಿನ ಅವರು ಅವನ್ನು ತೊಟ್ಟು ನುಡಿಸುವುದೆಂದು ನಿಶ್ಚಯವಾಗಿತ್ತು. ಹೆಂಡತಿ ಆ ಕೆಲಸವನ್ನು ಒಪ್ಪಿಕೊಂಡದ್ದು ಕಾಯಿಲೆಗೆ ಹೆಸರು ಸಿಗುವುದಕ್ಕೆ ಮೊದಲು. ಆಕೆ ಮಧ್ಯಾಹ್ನ ನೋವು ಇಳಿದಾಗ ಮೆಲ್ಲನೆ ಮೆಷಿನ್ನಿನ ಹತ್ತಿರ ಹೋಗುವುದನ್ನು ಸಾಹೇಬರು ಒಂದು ರಜೆಯ ದಿನ ಕಂಡರು. ಬೈಯಲಿಲ್ಲ. ಮರುದಿನ ಮೆಷಿನ್ನಿನ ಚರ್ಮದ ಬೆಲ್ಟನ್ನು ಬಿಚ್ಚಿ, ಜೇಬಿನಲ್ಲಿ ಸುರುಳಿ ಸುತ್ತಿಟ್ಟುಕೊಂಡು ಪ್ರೆಸ್ಸಿಗೆ ಹೋಗಿ ಮೇಜಿನ ಖಾನೆಯಲ್ಲಿ ಹಾಕಿದರು. ಹಾಗೆಯೇ ದಾರಿಯಲ್ಲಿ ಬ್ಯಾಂಡ್ ಮಾಸ್ತರರನ್ನು ಕಂಡು, ಕೋಟಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದೂ ಹೇಳಿದರು. ಹೇಳುವಾಗ ಮಾತು ಸ್ವಲ್ಪ ಹೆಚ್ಚೇ ದುಃಖಕರವಾಗಿ ಬಂತು.

ಅಂದಿನಿಂದ ಸಂಜೆ ತಿರುವಿನಲ್ಲಿ ಸದ್ದಿಲ್ಲ. ಸಾಹೇಬರಿಗೆ ಹಸಿವೂ ಇಲ್ಲ. ಹೆಂಡತಿ ಬೆಲ್ಟು ಎಲ್ಲಿ ಎಂದು ಕೇಳಿದಾಗ, "ಸವೆದಿತ್ತು, ಹೊಸದು ತರಬೇಕು" ಎಂದರು. ಆಕೆ ಅವರ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಕೇಳಲಿಲ್ಲ. ಕಿಟಕಿಯ ಬಳಿ ಕೂತು ಬೀದಿ ನೋಡತೊಡಗಿದಳು. ಇದನ್ನೇ ಸಾಹೇಬರು ವಿಶ್ರಾಂತಿ ಎಂದು ಓದಿಕೊಂಡರು.

ಮೂರನೆಯ ಯೋಚನೆ ಬಂದಾಗ ಸಾಹೇಬರು ತಮ್ಮ ಮಟ್ಟಿಗೆ ಪ್ರತಿಭೆಯ ಶಿಖರದಲ್ಲಿದ್ದರು. ಆ ಮನೆಯ ಬಾಗಿಲುಗಳಿಗೆಲ್ಲ ಹಿತ್ತಾಳೆಯ ದುಂಡು ಹಿಡಿಗಳು. ತಿರುಗಿಸಿದರೆ ಕೀಲಿಯ ನಾಲಗೆ ಒಳಹೋಗಿ ಬಾಗಿಲು ತೆರೆಯುತ್ತದೆ. ಆದರೆ ತಿರುಗಿಸುವುದೇ ಹೆಂಡತಿಗೆ ಪ್ರಾಣಸಂಕಟ. ಸಾಹೇಬರು ಸ್ಕ್ರೂಡ್ರೈವರ್ ಹಿಡಿದು ಎಲ್ಲ ಹಿಡಿಗಳನ್ನೂ ಕಿತ್ತರು. ಕಿತ್ತ ತೂತಿನಲ್ಲಿ ಬಟ್ಟೆಯ ಪಟ್ಟಿ ಪೋಣಿಸಿ ಎಳೆಯಲು ಕುಣಿಕೆ ಮಾಡಿದರು. ಕೀಲಿಯ ನಾಲಗೆ ಹೊರಬಾರದಂತೆ ಹಳೆಯ ಕರಡಿನ ಕಾಗದವನ್ನು ಉಂಡೆ ಮಾಡಿ ತುರುಕಿದರು. ಕಿತ್ತ ಹಿಡಿಗಳನ್ನೆಲ್ಲ ಚೀಲದಲ್ಲಿ ತುಂಬಿ ಪ್ರೆಸ್ಸಿನ ಅದೇ ಖಾನೆಗೆ ಸಾಗಿಸಿದರು. ಈಗ ಬಾಗಿಲುಗಳು ಒಂದು ಬೆರಳಿಗೆ ತೆರೆದುಕೊಳ್ಳುತ್ತಿದ್ದವು. ಗಾಳಿಗೂ ತೆರೆದುಕೊಳ್ಳುತ್ತಿದ್ದವು. ಯಾರೂ ಮುಟ್ಟದಿದ್ದರೂ ತೆರೆದುಕೊಳ್ಳುತ್ತಿದ್ದವು. ತಾಯಿ ಬಟ್ಟೆ ಬದಲಿಸುವಾಗ ಮೂರು ಕುರ್ಚಿ ಅಡ್ಡ ಇಡುತ್ತಿದ್ದರು.

ಆ ಶನಿವಾರ ಸಾಹೇಬರು ಬಚ್ಚಲಮನೆಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದಾಗ ಗಾಳಿ ಜೋರಾಗಿ ಬೀಸಿ ಬಾಗಿಲು ಧಡ್ಡೆಂದು ಹಾಕಿಕೊಂಡಿತು. ನೀರಿನ ಪಸೆಗೆ ನೆಂದು ಮೆತ್ತಗಾಗಿದ್ದ ಕಾಗದದ ಉಂಡೆ ಪಿಚಕ್ಕನೆ ಕೆಳಗೆ ಬಿತ್ತು. 'ಟಕ್' ಎಂದು ಕೀಲಿ ಕೂತಿತು. ಸಾಹೇಬರು ಕುಣಿಕೆ ಎಳೆದರು. ಕುಣಿಕೆ ಅವರ ಕೈಗೆ ಬಂತು. ಬಾಗಿಲು ಇದ್ದಲ್ಲೇ ಇತ್ತು.

"ಏ! ಯಾರಿದೀರಿ? ಬಾಗಿಲು ತೆಗೀರಿ!"

ಹೊರಗೆ ಹತ್ತಿರದಲ್ಲೇ ಕೂತಿದ್ದವರು ತಾಯಿ. ಅವರು ತಲೆದೂಗಿ, "ಇವತ್ತು ರೇಡಿಯೋದಲ್ಲಿ ಯಾರೋ ಚೆನ್ನಾಗಿ ಹಾಡ್ತಿದಾರೆ" ಎಂದು ಸೊಸೆಗೆ ಕೂಗಿ ಹೇಳಿದರು.

ಸೊಸೆಗೆ ಅದು ಕೇಳಿಸಲಿಲ್ಲ. ಆ ಹೊತ್ತಿಗೆ ಮುಂಬಾಗಿಲಿಗೆ ಬ್ಯಾಂಡ್ ಮಾಸ್ತರರು ಬಂದಿದ್ದರು. ಮಾಸ್ತರರದು ಜೀವನವಿಡೀ ತುತ್ತೂರಿಗಳ ಮೇಲೆ ಕೂಗಿ ಮಾತನಾಡಿದ ಕಂಠ. ಪಿಸುಮಾತು ಕೂಡ ಪಕ್ಕದ ಬೀದಿಗೆ ಕೇಳುತ್ತಿತ್ತು. ಬಚ್ಚಲಮನೆಯಲ್ಲಿದ್ದ ಸಾಹೇಬರಿಗೆ ಒಂದಕ್ಷರವೂ ತಪ್ಪಲಿಲ್ಲ.

"ನೋಡಿ ಹೋಗೋಣ ಅಂತ ಬಂದೆ ತಾಯಿ. ಧೈರ್ಯವಾಗಿರಿ. ಇನ್ನು ಮೇಲೆ ನೀವು ಸೂಜಿ ಹಿಡಿಯೋದೇ ಇಲ್ಲ ಅಂತ ನಿಮ್ಮ ಯಜಮಾನರು ಹೇಳಿದಾಗ ನಮ್ಮ ಹುಡುಗರೆಲ್ಲ ಅತ್ತುಬಿಟ್ಟರು. ದೊಡ್ಡ ಕೊಂಬು ಊದೋನಂತೂ ಊಟ ಬಿಟ್ಟ!"

ಸಾಹೇಬರು ನೊರೆಯ ಹಿಂದೆ ಬಿಳಿಚಿಕೊಂಡರು.

"ಯಾವಾಗ ಹೇಳಿದ್ರು?" ಹೆಂಡತಿಯ ದನಿ.

"ಆಗಲೇ ಎಷ್ಟೋ ದಿನ ಆಯ್ತಲ್ಲ! ಪಾಪ, ಮಾತಾಡೋಕೇ ಆಗ್ತಿರಲಿಲ್ಲ ಅವರಿಗೆ. ನಾನು ಅಂದ್ಕೊಂಡೆ ನೀವು... ಅದು ಬಿಡಿ. ನಿಮ್ಮನ್ನ ಹೀಗೆ ಎದ್ದು ಓಡಾಡೋದು ನೋಡಿ ಸಂತೋಷ ಆಯ್ತು."

"ಬೇರೆಯವರಿಗೆ ಕೊಟ್ರಾ ಕೋಟು?"

"ಯಾರಿಗೆ ಕೊಡೋದು ತಾಯಿ? ಹಳೇ ಕೋಟಲ್ಲೇ ನುಡಿಸ್ತೀವಿ ಅಂದೆ. ಒಬ್ಬೊಬ್ಬರ ಹೊಟ್ಟೆ ಒಂದೊಂದು ಕಡೆಯಿಂದ ಹೊರಗೆ ಬರುತ್ತೆ. ಬರಲಿ!"

"ಕೂತಿರಿ ಮಾಸ್ತರ್ರೇ. ಈಗ ಬಂದೆ."

ಹೆಜ್ಜೆಗಳು ಬಚ್ಚಲಮನೆಯ ಕಡೆಗೆ ಬಂದವು. ಬಾಗಿಲ ಹೊರಗೆ ನಿಂತವು.

"ಒಳಗೆ ಇದೀರಾ?"

"ಇದೀನಿ... ಬಾಗಿಲು ಹಾಕ್ಕೊಂಡುಬಿಟ್ಟಿದೆ. ಸ್ವಲ್ಪ ಮಾಸ್ತರರಿಗೆ ಹೇಳ್ತೀಯಾ, ಅವರಿಗೆ ಶಕ್ತಿ ಇದೆ—"

"ಬೆಲ್ಟು ಎಲ್ಲಿದೆ?"

"ಯಾವ ಬೆಲ್ಟು?"

ಹೆಜ್ಜೆಗಳು ವಾಪಸು ಹೋಗತೊಡಗಿದವು.

"ಪ್ರೆಸ್ಸಲ್ಲಿ! ನನ್ನ ಮೇಜಿನ ಖಾನೇಲಿ!"

ಹೆಜ್ಜೆಗಳು ನಿಂತವು. "ಬಾಗಿಲ ಹಿಡಿಗಳು?"

"ಅದೂ ಅಲ್ಲೇ."

"ಬೇರೆ ಏನೇನಿದೆ ಅಲ್ಲಿ? ಅಡುಗೆಮನೆ, ಕಿಟಕಿ?" ಹೆಂಡತಿಯ ದನಿ ನಡುಗುತ್ತಿತ್ತು. ಸಾಹೇಬರು ಅದು ಸಿಟ್ಟು ಎಂದುಕೊಂಡರು. "ಡಾಕ್ಟ್ರಮ್ಮ 'ಕೀಲು' ಅಂದ್ರು. ನೀವು 'ಕೀಲಿ' ಅಂತ ಓದ್ಕೊಂಡ್ರಿ. ಊರಿಗೆಲ್ಲ ಕರಡು ತಿದ್ದೋರು!"

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ."

"ಬೆಳಿಗ್ಗೆ ಏಳುವಾಗ ನನಗೆ ಮುಷ್ಟಿ ಮಡಿಸೋಕಾಗಲ್ಲ. ಬೆರಳು ನನ್ನದಲ್ಲ, ಯಾರೋ ರಾತ್ರಿ ಬಂದು ಮರದ್ದು ಜೋಡಿಸಿ ಹೋಗಿದಾರೆ ಅನಿಸುತ್ತೆ. ಹೊತ್ತು ಏರಿದ ಹಾಗೆ ಒಂದೊಂದಾಗಿ ವಾಪಸ್ ಬರ್ತವೆ. ಬಂದವು, ಇನ್ನು ನಾಕು ಹೊಲಿಗೆ ಹಾಕೋಣ ಅಂತ ಹೋಗಿ ಕೂತ್ರೆ ಬೆಲ್ಟಿಲ್ಲ. ಕಾಯಿಲೆ ನನ್ನ ಅರ್ಧ ಕೈ ತಗೊಂಡಿತ್ತು. ಉಳಿದ ಅರ್ಧ ನೀವು ತಗೊಂಡ್ರಿ. ಕೇಳಲೂ ಇಲ್ಲ."

ಮುಂದಿನ ಕೋಣೆಯಲ್ಲಿ ಮಾಸ್ತರರು ಏನನ್ನೂ ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ಒಂದು ಮೆರವಣಿಗೆಯ ರಾಗವನ್ನು ಗಟ್ಟಿಯಾಗಿ ಗುನುಗತೊಡಗಿದರು.

ಸಾಹೇಬರು ಬಾಗಿಲಿಗೆ ಹಣೆ ಒತ್ತಿ ನಿಂತರು. ನೊರೆ ಬಾಗಿಲಿಗೆ ಮೆತ್ತಿಕೊಂಡಿತು. ಹೇಳಲು ದೊಡ್ಡ ದೊಡ್ಡ ಶಬ್ದಗಳು ಬಾಯಿಯವರೆಗೆ ಬಂದವು. ಎಲ್ಲದರ ಕಾಗುಣಿತವೂ ಸರಿಯಾಗಿತ್ತು, ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ.

"ನನಗೆ ಭಯ ಆಯ್ತು" ಎಂದರು ಕೊನೆಗೆ. "ಆವತ್ತು ನಿನ್ನ ಕೈಯಿಂದ ದಾರ ಸೂಜಿಗೆ ಹೋಗಲಿಲ್ಲವಲ್ಲ. ಅವತ್ತಿಂದ. ಏನಾದ್ರೂ ಮಾಡ್ತಾ ಇದ್ರೆ ಭಯ ಕಮ್ಮಿ ಆಗುತ್ತೆ. ಅದಕ್ಕೇ ಏನೇನೋ ಮಾಡ್ತಾ ಹೋದೆ."

ಹೊರಗೆ ಹೆಂಡತಿ ಬಾಗಿಲಿಗೆ ಒರಗಿದ ಸದ್ದಾಯಿತು.

"ಗೊತ್ತಿತ್ತು" ಎಂದಳು ಹೆಂಡತಿ. "ಅದಕ್ಕೇ ಮುಚ್ಚಳಕ್ಕೆ ಬೈಲಿಲ್ಲ. ಕಾಫಿಗೂ ಬೈಲಿಲ್ಲ. ಪಾಪ, ಏನೋ ಒಂದು ಕೆಲಸ ಇರಲಿ ಇವರಿಗೆ ಅಂತ ಸುಮ್ಮನಿದ್ದೆ. ನನ್ನ ಕಾಯಿಲೆ ಜೊತೆ ನಿಮ್ಮನ್ನೂ ನೋಡ್ಕೋಬೇಕಲ್ಲ ನಾನು!"

ವಾರಗಟ್ಟಲೆ ತಾವು ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದೇವೆಂದು ತಿಳಿದಿದ್ದ ಸಾಹೇಬರಿಗೆ, ನೋಡಿಕೊಳ್ಳುತ್ತಿದ್ದವರು ಯಾರು ಎಂಬುದು ಹೀಗೆ ಬಚ್ಚಲಮನೆಯಲ್ಲಿ ಬಂಧನದಲ್ಲಿದ್ದಾಗ ತಿಳಿಯಿತು.

"ಮಾಸ್ತರರನ್ನ ಕರೀ" ಎಂದರು ದೀನವಾಗಿ.

"ಯಾರೂ ಬೇಡ. ನಾನೇ ತೆಗೀತೀನಿ. ಕೈ ಬಿಸಿನೀರಲ್ಲಿ ಇಟ್ಕೊಂಡು ಬರ್ತೀನಿ, ಇರಿ."

"ಇರದೆ ಎಲ್ಲಿಗೆ ಹೋಗಲಿ?"

ನೀರು ಕಾಯಿತು. ಕೈ ಬಿಸಿಯಾಯಿತು. ಈ ನಡುವೆ ಸಾಹೇಬರ ಕೆನ್ನೆಯ ಮೇಲೆ ನೊರೆ ಒಣಗಿ ಗಾರೆಯಾಯಿತು. ಆಮೇಲೆ ಹೆಂಡತಿ ತನ್ನ ದೊಡ್ಡ ಕತ್ತರಿಯ ಮೊನೆಯನ್ನು ಹಿಡಿಯ ತೂತಿನೊಳಗೆ ತೂರಿಸಿ ತಿರುವಿದಳು. ಕತ್ತರಿ ಜಾರಿತು. ಉಸಿರು ಎಳೆದುಕೊಂಡದ್ದು ಒಳಗೆ ಕೇಳಿಸಿತು. ಸಾಹೇಬರು "ಬೇಡ ಬಿಡು" ಎನ್ನಲು ಬಾಯಿ ತೆರೆದು, ಬಹುಶಃ ಮದುವೆಯಾದ ಮೇಲೆ ಮೊದಲ ಸಲ, ಬಾಯಿ ಮುಚ್ಚಿಕೊಂಡರು. ಮತ್ತೊಮ್ಮೆ ತಿರುವಿದಳು. ಎಡಗೈಯನ್ನು ಬಲಗೈಯ ಮೇಲಿಟ್ಟು ಇನ್ನೊಮ್ಮೆ ತಿರುವಿದಳು. 'ಟಕ್' ಎಂದಿತು.

ಬಾಗಿಲು ತೆರೆದಾಗ ಹೆಂಡತಿಯ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. "ಮುಖ ತೊಳ್ಕೊಳ್ಳಿ. ಗೋಡೆಗೆ ಸುಣ್ಣ ಹೊಡೆಯೋರ ಹಾಗೆ ಕಾಣ್ತೀರಿ" ಎಂದಳು. ಆಮೇಲೆ ಮುಂದಿನ ಕೋಣೆಗೆ ಕೇಳುವಂತೆ, "ಮಾಸ್ತರ್ರೇ, ಕೋಟು ಆಗುತ್ತೆ!" ಎಂದು ಕೂಗಿದಳು.

"ಯಾರಿಗೆ ಏಟು ಆಯ್ತು?" ಎಂದು ತಾಯಿ ಗಾಬರಿಯಿಂದ ಎದ್ದು ಬಂದರು.

ಅಂದೇ ಬೆಲ್ಟು ಮನೆಗೆ ಬಂತು, ಹಿಡಿಗಳೂ ಬಂದವು. ಮುಂದಿನ ದಿನಗಳು ಆ ಮನೆಯ ಸುವರ್ಣಯುಗ ಎಂದರೆ ತಪ್ಪಿಲ್ಲ. ನೋವು ಹೆಚ್ಚಿದ ದಿನ ಹೆಂಡತಿ ಕೈ ಕಟ್ಟಿ ಕೂತು ಬಾಯಲ್ಲೇ ಹೊಲಿಯುತ್ತಿದ್ದಳು: "ಅಲ್ಲಿ ಅಲ್ಲ, ಆ ಗೀಟಿನ ಮೇಲೆ ಕತ್ತರಿಸಿ. ಗೀಟು ಅಂದ್ರೆ ಗೀಟು. ನಿಮಗೆ ಗೀಟು ಹಾಕೋದಷ್ಟೇ ಗೊತ್ತು, ಅದರ ಮೇಲೆ ನಡೆಯೋದು ಗೊತ್ತಿಲ್ಲ." ದಪ್ಪ ಬಟ್ಟೆ ಕತ್ತರಿಸುವುದು, ಸೂಜಿಗೆ ದಾರ ಪೋಣಿಸುವುದು ಸಾಹೇಬರ ಪಾಲು. ಒಳ್ಳೆಯ ದಿನಗಳಲ್ಲಿ ಕಿಟಕಿಯ ಬಳಿಯ ರೈಲು ಓಡುತ್ತಿತ್ತು, ಮೊದಲಿನಷ್ಟು ವೇಗವಾಗಿ ಅಲ್ಲ, ನಿಲ್ದಾಣಗಳು ಹೆಚ್ಚಾಗಿದ್ದವು. ಮಧ್ಯೆ ಮಧ್ಯೆ ಆಕೆ ಬೆರಳುಗಳನ್ನು ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ, ಯಾರಿಗೋ ಸನ್ನೆ ಮಾಡುವವಳಂತೆ ಕೂರುತ್ತಿದ್ದಳು. ಸಾಹೇಬರೂ ಎದುರು ಕೂತು ತಮ್ಮ ಬೆರಳುಗಳನ್ನು ಹಾಗೆಯೇ ಆಡಿಸುತ್ತಿದ್ದರು. ಯಾಕೆ ಎಂದು ಕೇಳಿದರೆ, "ಸುಮ್ಮನೆ, ಜೊತೆಗೆ" ಎನ್ನುತ್ತಿದ್ದರು. ಕಿಟಕಿಯಾಚೆ ಹೋಗುವವರು ಈ ಮೂಕ ಸಂಭಾಷಣೆ ಕಂಡು ಗಂಡ ಹೆಂಡಿರಲ್ಲಿ ಮಾತು ಬಿಟ್ಟಿದೆ ಎಂದುಕೊಂಡರು.

ಕೋಟುಗಳು ಮುಗಿಯುತ್ತ ಬಂದವು. ಹಿತ್ತಾಳೆಯ ಗುಂಡಿ ಹೊಲಿಯುವುದೊಂದು ಉಳಿಯಿತು. ಅಷ್ಟರಲ್ಲಿ ಮೋಡದ ದಿನಗಳು ಬಂದು ಹೆಂಡತಿಯ ಬೆರಳುಗಳು ಮತ್ತೆ ಮರವಾದವು. "ಗುಂಡಿ ನನ್ನ ಇಲಾಖೆ" ಎಂದು ಸಾಹೇಬರು ಸೂಜಿ ಎತ್ತಿಕೊಂಡರು. ಆಕೆ ಒಂದು ಗುಂಡಿಗೆ ದಾರವನ್ನು ಹೇಗೆ ಮತ್ತೆ ಮತ್ತೆ ಎಳೆಯಬೇಕೆಂದು ಹೇಳಿ ಮಲಗಿದಳು. ಸಾಹೇಬರು ಸ್ವಲ್ಪ ಹೊತ್ತು ಹಾಗೆಯೇ ಮಾಡಿದರು. ಆಮೇಲೆ ಅವರೊಳಗಿನ ಕರಡು ತಿದ್ದುವವನು ಎಚ್ಚರಗೊಂಡ. ಒಂದೇ ತೂತಿನಲ್ಲಿ ಅದೇ ದಾರ ಮತ್ತೆ ಮತ್ತೆ ಹೋಗುವುದೆಂದರೇನು? ಶುದ್ಧ ಪುನರುಕ್ತಿ ದೋಷ! ಹೇಳುವುದನ್ನು ಒಮ್ಮೆ ಹೇಳಿದರೆ ಸಾಲದೆ? ಉಳಿದ ಗುಂಡಿಗಳನ್ನೆಲ್ಲ ಅವರು ಅತ್ಯಂತ ಸಂಕ್ಷಿಪ್ತ ಶೈಲಿಯಲ್ಲಿ ಹೊಲಿದು ಮುಗಿಸಿದರು.

ಮಂಟಪ ತೆರೆಯುವ ಸಂಜೆ ಉದ್ಯಾನದಲ್ಲಿ ಊರಿಗೆ ಊರೇ ನೆರೆದಿತ್ತು. ದೀಪಗಳ ಮಾಲೆ, ಮಡಚುವ ಕುರ್ಚಿಗಳ ಸಾಲು, ಎರಡನೆಯ ಸಾಲಿನಲ್ಲಿ ಸಾಹೇಬರು, ಅವರ ಹೆಂಡತಿ, ತಾಯಿ. ನೀಲಿ ಕೋಟು ತೊಟ್ಟ ಬ್ಯಾಂಡಿನವರು ಮಂಟಪ ಏರಿದಾಗ ಜನ "ಆಹಾ" ಎಂದರು. ಕಂಕುಳಲ್ಲಿ ಸುಕ್ಕಿಲ್ಲ, ಬೆನ್ನಲ್ಲಿ ಉಬ್ಬಿಲ್ಲ. ಎಲ್ಲರ ಹೊಟ್ಟೆಯೂ ಇರಬೇಕಾದ ಜಾಗದಲ್ಲೇ ಇತ್ತು. ಹೆಂಡತಿ ತನ್ನ ಊದಿದ ಗೆಣ್ಣುಗಳ ಕೈಯನ್ನು ಸಾಹೇಬರ ಕೈ ಮೇಲೆ ಇಟ್ಟಳು. ಸಾಹೇಬರ ಎದೆ ಉಬ್ಬಿತು. ಪಕ್ಕದ ಕುರ್ಚಿಯ ಅಪರಿಚಿತರಿಗೆ, "ಗುಂಡಿಗಳು ನನ್ನವು" ಎಂದು ತಿಳಿಸಿದರು.

ಮಾಸ್ತರರು ಕೋಲು ಎತ್ತಿದರು. ಎಲ್ಲರೂ ಎದೆ ತುಂಬ ಉಸಿರೆಳೆದುಕೊಂಡರು. ಕೋಲು ಇಳಿಯಿತು.

ಮೊದಲ ನಾದದ ಜೊತೆಗೆ ದೊಡ್ಡ ಕೊಂಬಿನವನ ಎದೆಯಿಂದ ಗುಂಡಿಯೊಂದು ಗುಂಡಿನಂತೆ ಹಾರಿ ಮಾಸ್ತರರ ಕಿವಿಯ ಪಕ್ಕದಲ್ಲಿ ಸುಯ್ಯೆಂದು ಹೋಯಿತು. ಅದರ ಹಿಂದೆ ತುತ್ತೂರಿಯವನದು. ಆಮೇಲೆ ಕೊಳಲಿನವರ ಸಾಲು ತಾಳಕ್ಕೆ ಸರಿಯಾಗಿ ಒಂದೊಂದೇ ಸಿಡಿಸಿತು. ಒಂದು ಡೋಲಿನ ಮೇಲೆ ಬಿದ್ದು ಸುಂದರವಾದ 'ಢಂ' ಮಾಡಿತು. ಅದು ರಾಗದ ಭಾಗವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಇನ್ನೊಂದು ನೇರವಾಗಿ ಬಂದು ತಾಯಿಯ ಮಡಿಲಲ್ಲಿ ಬಿತ್ತು. "ಪೆಪ್ಪರಮಿಂಟು ಹಂಚ್ತಿದಾರೆ ಕಣೋ" ಎಂದು ಅವರು ಅದನ್ನು ಬಾಯಿಗೆ ಹಾಕಿಕೊಳ್ಳುವುದರೊಳಗೆ ಸೊಸೆ ಕೈ ಹಿಡಿದಳು.

ಎಷ್ಟು ಗುಂಡಿ ಹಾರಿದರೂ ಬ್ಯಾಂಡಿನವರು ನಿಲ್ಲಿಸಲಿಲ್ಲ. ಕೋಟುಗಳು ತೆರೆದುಕೊಂಡು ಒಳಗಿನ ಬನಿಯನ್ನುಗಳು ಸಾರ್ವಜನಿಕ ದರ್ಶನ ಕೊಟ್ಟವು. ಪಕ್ಕದ ಅಪರಿಚಿತರು ಸಾಹೇಬರ ಕಡೆ ತಿರುಗಿ, "ನಿಮ್ಮವು ಅಂದ್ರಲ್ಲ?" ಎಂದರು.

ಸಾಹೇಬರು ಕುರ್ಚಿಯಿಂದ ಜಾರಿ ನೆಲಕ್ಕಿಳಿದು, ಸಾಲುಗಳ ನಡುವೆ ಮಂಡಿಯೂರಿ ಗುಂಡಿ ಹೆಕ್ಕತೊಡಗಿದರು. ಸಣ್ಣ ಗುಂಡಿ ಹೆಕ್ಕುವುದು ಹೆಂಡತಿಯ ಬೆರಳಿಗೆ ಆಗದ ಕೆಲಸ. ಆಕೆ ಕುರ್ಚಿಯಲ್ಲಿ ಕೂತೇ ದಾರಿ ತೋರಿಸಿದಳು: "ಅಲ್ಲೊಂದು, ಆ ಊರುಗೋಲಿನವರ ಬೂಟಿನ ಹತ್ರ... ಎಡಕ್ಕೆ, ಎಡಕ್ಕೆ... ಅಯ್ಯೋ, ಅದು ಅವರ ಬೂಟಿಂದೇ ಗುಂಡಿ ಕಣ್ರೀ, ಬಿಡಿ!" ಹೇಳಿ ಮುಗಿಸಲಾಗದೆ ಆಕೆ ನಗತೊಡಗಿದಳು. ಕಾಯಿಲೆಗೆ ಹೆಸರು ಬಂದ ಮೇಲೆ ಆಕೆ ಹಾಗೆ ನಕ್ಕಿರಲಿಲ್ಲ. ಹೊಟ್ಟೆ ಹಿಡಿದು, ಕಣ್ಣೀರು ಸುರಿಸಿ, ಅತ್ತೆಯ ಭುಜಕ್ಕೆ ತಲೆ ಆನಿಸಿ. ಯಾಕೆಂದು ಗೊತ್ತಿಲ್ಲದಿದ್ದರೂ ಅತ್ತೆಯೂ ನಕ್ಕರು.

ರಾಗ ಮುಗಿಯಿತು. ಸಾಹೇಬರು ಎರಡೂ ಮುಷ್ಟಿಯ ತುಂಬ ಗುಂಡಿ ಹಿಡಿದು, ಬೆವರು ಸುರಿಸುತ್ತ, ಅಂತೂ ಬದುಕಿದೆ ಎಂದು ತಲೆ ಎತ್ತಿದರು. ಅಷ್ಟರಲ್ಲಿ ಯಾರೋ "ಇನ್ನೊಮ್ಮೆ!" ಎಂದು ಕೂಗಿದರು. ಜನ ಅದನ್ನೇ ಹಿಡಿದುಕೊಂಡು "ಇನ್ನೊಮ್ಮೆ! ಇನ್ನೊಮ್ಮೆ!" ಎಂದು ಉದ್ಯಾನವೇ ಹಾರಿಹೋಗುವಂತೆ ಬೊಬ್ಬೆ ಹಾಕಿದರು. ಮಾಸ್ತರರು ಮತ್ತೆ ಕೋಲು ಎತ್ತಿದರು; ಬ್ಯಾಂಡಿನವರು ಮತ್ತೆ ಎದೆ ತುಂಬ ಉಸಿರೆಳೆದುಕೊಂಡರು.

ಆ ಜನಸಾಗರದಲ್ಲಿ "ಬೇಡ! ಬೇಡ!" ಎಂದು ಅಂಗಲಾಚಿದವರು ಸಾಹೇಬರೊಬ್ಬರೇ. ಮೊದಲು "ಇನ್ನೊಮ್ಮೆ" ಎಂದು ಕೂಗಿದ ದನಿ ಯಾರದೆಂದು ಅವರಿಗೆ ತಿರುಗಿ ನೋಡದೆಯೇ ಗೊತ್ತಾಗಿತ್ತು. ಅದು ಅವರ ಹಿಂದಿನ ಕುರ್ಚಿಯಲ್ಲಿ ಕೂತು, ನೋಯುವ ಕೈಗಳಿಂದ ಮೆಲ್ಲ ಮೆಲ್ಲನೆ ಚಪ್ಪಾಳೆ ತಟ್ಟುತ್ತಿತ್ತು.